ಕಡಲು ನೋಡದ ಪ್ರವಾಸಿಗರು

ಸೈದಿನ್‌ನ ಕಾರು ಸೈದಿನ್‌ನ ಮನೆಯ ಮುಂದೆಯೇ ಮತ್ತೊಮ್ಮೆ ನಿಧಾನವಾಗಿ ಹಾದುಹೋಯಿತು.

ಊಟಕ್ಕೆ ಕೂತಿದ್ದವನು ಕೈ ತೊಳೆಯದೆ ಕಿಟಕಿಗೆ ಬಂದ. ಕಾರು ಓಡಿಸುತ್ತಿದ್ದವನು ನಿನ್ನೆ ಅದನ್ನು ಬಾಡಿಗೆಗೆ ಪಡೆದಿದ್ದ ಇಂಡೋನೇಷ್ಯಾದ ಮೇದಾನ್ ಊರಿನ ಹರಹಾಪ್. ಪಕ್ಕದಲ್ಲಿ ಅವನ ಹೆಂಡತಿ ಹಸ್ನಾ. ಕತ್ತು ಹೊರಗೆ ಚಾಚಿ ಮನೆಯ ಸೂರು, ಬಾವಿ, ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆ ಎಲ್ಲವನ್ನೂ ನೋಡುತ್ತಿದ್ದಳು.

"ಲಂಕಾವಿ ದ್ವೀಪಕ್ಕೆ ಬಂದೋರು ಸಮುದ್ರ ನೋಡ್ತಾರೆ ಕಣೇ. ನಮ್ಮನೆ ಬಟ್ಟೆ ನೋಡೋಕೆ ಹಡಗು ಹತ್ತಿ ಬಂದೋರನ್ನ ನಾನು ಕಂಡಿಲ್ಲ."

"ದಾರಿ ತಪ್ಪಿರಬೇಕು ಬಿಡ್ರೀ," ಎಂದಳು ಹೆಂಡತಿ ಎಂಬೂನ್. "ಪೆನಾಂಗಿಂದ ಮಗಳು ಬೆಳಿಗ್ಗೆಯಿಂದ ಫೋನ್ ಮಾಡ್ತಿದ್ದಾಳೆ. ನಿಮ್ಮ ಹತ್ರಾನೇ ಮಾತಾಡ್ಬೇಕಂತೆ."

"ಆಮೇಲೆ ಮಾಡ್ತೀನಿ ಅನ್ನು."

ಅವನಿಗೆ ನಿನ್ನೆಯ ಬಂದರು ನೆನಪಾಗುತ್ತಿತ್ತು. ಹಡಗು ಇಳಿದವರನ್ನು ಬಾಡಿಗೆ ಕಾರಿನವರೆಲ್ಲ ಎಂದಿನಂತೆ ಮುತ್ತಿಕೊಂಡಿದ್ದರು. ಹೊಳೆಯುವ ಹೊಸ ಕಾರುಗಳ ಕೀಲಿಕೈ ಮೂಗಿನೆದುರು ಆಡಿಸಿದರೂ ಈ ದಂಪತಿ ತಿರುಗಿ ನೋಡಿರಲಿಲ್ಲ. ನೆಟ್ಟಗೆ ಮೂಲೆಯಲ್ಲಿದ್ದ ಸೈದಿನ್‌ನ ಬಳಿಗೇ ಬಂದಿದ್ದರು. ಅವನ ಕಾರಿನ ಬಣ್ಣ ಮಾಸಿತ್ತು, ಹಿಂದಿನ ಸೀಟಿಗೆ ತೇಪೆ ಹಾಕಿತ್ತು. ಗಿರಾಕಿ ಸಿಕ್ಕ ಖುಷಿಯಲ್ಲಿ ಆಗ ಅವನಿಗೆ ಏನೂ ಅನ್ನಿಸಿರಲಿಲ್ಲ.

ಹಸ್ನಾ ಕೇಳಿದ ಪ್ರಶ್ನೆಗಳೋ! ಏಸಿ ಕೆಲಸ ಮಾಡುತ್ತದೆಯೇ ಎಂದು ಕೇಳಲಿಲ್ಲ, ಬ್ರೇಕಿನ ಬಗ್ಗೆ ಕೇಳಲಿಲ್ಲ.

"ಅಣ್ಣಾ, ಒಂದು ಗೀರು ಬಿದ್ರೆ ಸಿಟ್ಟು ಮಾಡ್ತೀರಾ?"

"ಬೀಳಿಸಿ ನೋಡಿ, ಗೊತ್ತಾಗುತ್ತೆ."

"ನಿಮ್ಮ ವಸ್ತು ಇನ್ನೊಬ್ಬರ ಕೈಗೆ ಕೊಟ್ಟು ನಿದ್ದೆ ಹೇಗೆ ಬರುತ್ತೆ ನಿಮಗೆ?"

ಹರಹಾಪ್ ಮಾತ್ರ ಹೆಂಡತಿಯ ಬೆನ್ನ ಹಿಂದೆ ನಿಂತು ಸೈದಿನ್‌ನ ಚಪ್ಪಲಿಯಿಂದ ಟೋಪಿಯವರೆಗೆ ಕಣ್ಣಾಡಿಸುತ್ತಿದ್ದ.

ಸೈದಿನ್ ಫೋನ್ ತೆಗೆದ. ದ್ವೀಪದಲ್ಲಿ ಬಾಡಿಗೆ ಕಾರು ಇಟ್ಟವರೆಲ್ಲ ಮಾಡುವಂತೆ ಅವನೂ ಕಾರಿನೊಳಗೆ ಟ್ರ್ಯಾಕರ್ ಇಟ್ಟಿದ್ದ. ಕಾರು ಎಲ್ಲೆಲ್ಲಿ ತಿರುಗಿದೆ ಎಂದು ನೋಡಿದ. ಬೀಚಿಗೆ ಹೋಗಿಲ್ಲ. ಜಲಪಾತಕ್ಕೆ ಹೋಗಿಲ್ಲ. ಊರ ಮಸೀದಿಯ ಬಳಿ ನಿಂತಿದೆ. ಮೀನು ಮಾರುಕಟ್ಟೆಯಲ್ಲಿ ನಿಂತಿದೆ. ಮಾಕ್ ತೆಹ್‌ಳ ಚಹಾದಂಗಡಿಯಲ್ಲಿ ಬಹಳ ಹೊತ್ತು ನಿಂತಿದೆ.

ಅರ್ಧ ಊಟ ಬಿಟ್ಟು ವ್ಯಾನ್ ಹತ್ತಿ ಅಂಗಡಿಗೆ ಹೋದ.

"ಬಂದಿದ್ರಪ್ಪಾ," ಎಂದಳು ಮುದುಕಿ, ಚಹಾ ಸೋಸುತ್ತ. "ನಿನ್ನ ವಿಷಯಾನೇ ಕೇಳಿದ್ದು. ಮನೆಗೆ ಎಷ್ಟು ಹೊತ್ತಿಗೆ ಬರ್ತಾನೆ, ಮನೆ ಸ್ವಂತದ್ದಾ, ಮನೇಲಿ ಯಾರ್ಯಾರಿದ್ದಾರೆ, ಯಾರ ಜೊತೆಗಾದ್ರೂ ಜಗಳ ಇದೆಯಾ ಅಂತ."

"ನೀನೇನಂದೆ?"

"ಅವನ ಜೊತೆ ಜಗಳ ಆಡದೋರು ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ ಅಂದೆ."

"ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಕಳ್ಳರಿಗೆ ಮನೆ ದಾರಿ ತೋರಿಸಿದ್ದೀಯಲ್ಲೇ!"

"ಕಳ್ಳರು ಎರಡೆರಡು ಸಲ ಚಹಾ ಕುಡೀತಾರೇನೋ? ಹೋಗೋ."

ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಮಗಳು ಸುರಾಯ. ಅವನು ಕರೆ ಕತ್ತರಿಸಿ ಮತ್ತೆ ಟ್ರ್ಯಾಕರ್ ನೋಡಿದ. ಕಾರಿನ ಚುಕ್ಕಿ ಈಗ ಅಲುಗಾಡದೆ ನಿಂತಿತ್ತು.

ಅವನ ಮನೆಯ ಅಂಗಳದಲ್ಲಿ.

ಎಂಬೂನ್ ಒಬ್ಬಳೇ ಇದ್ದಾಳೆ. ಸೈದಿನ್ ವ್ಯಾನಿಗೆ ಓಡಿದ. ಗದ್ದೆಯಂಚಿನ ದಾರಿಯಲ್ಲಿ ಎಮ್ಮೆಗಳು ಅಡ್ಡ ಬಂದಾಗ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಕಾರು ತಪ್ಪಿಸಿಕೊಳ್ಳದಂತೆ ವ್ಯಾನನ್ನು ಗೇಟಿಗೆ ಅಡ್ಡಲಾಗಿ ನಿಲ್ಲಿಸಿ, ಜ್ಯಾಕಿನ ಸಲಾಕೆ ಹಿಡಿದು ಇಳಿದ.

ಹರಹಾಪ್ ಜಗಲಿಯ ಕಂಬವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕುಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಒಳಗಿನಿಂದ ಹಸ್ನಾಳ ಧ್ವನಿ: "ಈ ಕೋಣೇಲಿ ಯಾರು ಮಲಗ್ತಾರೆ?"

"ಆಚೆ ಬಾ!" ಸೈದಿನ್ ಗುಡುಗಿದ. "ಬಾಡಿಗೆಗೆ ಕಾರು ಕೊಟ್ಟಿದ್ದೀನಿ, ಮನೆ ಅಲ್ಲ!"

ಹರಹಾಪ್ ಸಲಾಕೆ ನೋಡಿದವನೇ ಬಾವಿಯ ಹಿಂದೆ ಹೋಗಿ ನಿಂತ. ಹಸ್ನಾ ಬಾಗಿಲಿಗೆ ಬಂದಳು. ಅವಳ ಹಿಂದೆ ಎಂಬೂನ್, ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅವಳ ಮೈ ಅದುರುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಕಂಡು ಸೈದಿನ್ ಸಲಾಕೆ ಎತ್ತಿದ.

"ಹೆಂಗಸು ಒಬ್ಬಳೇ ಇರೋ ಹೊತ್ತು ನೋಡ್ಕೊಂಡು ನುಗ್ಗಿದ್ದೀರಾ? ಏನು ಬೇಕಾದ್ರೂ ಎತ್ಕೊಂಡು ಹೋಗಿ. ಅವಳ ಒಂದು ಕೂದಲು ಮುಟ್ಟಿದ್ರೆ ಇಬ್ಬರೂ ವಾಪಸ್ ಹಡಗು ಹತ್ತಲ್ಲ!"

ಹಸ್ನಾ ಕದಲಲಿಲ್ಲ. ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವವಳಂತೆ ಅವನನ್ನೇ ನೋಡಿದಳು.

"ಹೆಂಡತಿಗಾದ್ರೆ ಸರಿ," ಎಂದಳು ಮೆಲ್ಲಗೆ. "ಮಗಳಿಗೆ ಯಾರಾದ್ರೂ ತೊಂದರೆ ಕೊಟ್ರೆ?"

ಸೈದಿನ್ ಎತ್ತಿದ ಕೈ ಅಲ್ಲೇ ನಿಂತಿತು. ಮಗಳಿದ್ದಾಳೆಂದು ಇವರಿಗೆ ಅವನು ಹೇಳಿಯೇ ಇರಲಿಲ್ಲ.

"ಅವಳು ನನ್ನ ಪ್ರಾಣ." ಅವನು ಸಲಾಕೆ ನೆಲಕ್ಕೆ ಹಾಕಿದ. "ಬೇಕಾದ್ರೆ ನನ್ನನ್ನೇ ಕೊಲ್ಲಿ. ಅವಳ ತಂಟೆಗೆ ಹೋಗಬೇಡಿ."

ಹಸ್ನಾ ನಿಟ್ಟುಸಿರು ಬಿಟ್ಟು ಬಾವಿಯ ಕಡೆ ತಿರುಗಿದಳು.

"ರೀ, ಈಚೆ ಬನ್ನಿ, ಹೊಡೆಯಲ್ಲ. ಮಗನಿಗೆ ಫೋನ್ ಮಾಡಿ ಹೇಳಿ: ಸಿಟ್ಟು ಸ್ವಲ್ಪ ಜಾಸ್ತಿ, ಆದ್ರೂ ಬೀಗರು ನಮಗೆ ಒಪ್ಪಿಗೆ."