ಟೇಪಿನೊಳಗಿನ ಮೌನ

“ಇನ್ನೊಂದ್ ಸಲ ಹಾಕು,” ಎಂದಳು ವರ್ನಾ, ಹೆಡ್‌ಫೋನನ್ನು ಎರಡೂ ಕೈಗಳಿಂದ ಕಿವಿಗೆ ಒತ್ತಿಕೊಂಡು. ದೇಶದ ಹಿಂದಿನ ಅಧ್ಯಕ್ಷರೊಬ್ಬರ ದಾಖಲೆಗಳನ್ನಿಟ್ಟ ಗ್ರಂಥಾಲಯದಲ್ಲಿ ಆ ಹಳೆಯ ಟೇಪು ಮತ್ತೆ ತಿರುಗಿತು. ಯುದ್ಧ ನಿಲ್ಲಿಸಲು ಹನೋಯ್ ಸರ್ಕಾರದ ಜೊತೆ ಸಂಧಾನಕ್ಕೆ ಕೂರುವ ಹಿಂದಿನ ದಿನ, ಅಧ್ಯಕ್ಷರ ಕೋಣೆ. ಸಹಾಯಕನೊಬ್ಬ ಕೇಳುತ್ತಾನೆ: “ಲಾವೋಸಲ್ಲಿ ಸೆರೆ ಸಿಕ್ಕ ಪೈಲಟ್ ಹಾರ್ಲನ್ ಓಡೆಲ್ ವಿಷ್ಯ ನಾಳೆ ಎತ್ತೋಣ್ವಾ ಸರ್?” ಆಮೇಲೆ ಮೌನ. ಆಮೇಲೆ ಅಧ್ಯಕ್ಷರ ದನಿ: “ಊಟ ಬಂತೇನಯ್ಯಾ?”

ನಡುವಿನ ಮಾತನ್ನು ದೇಶದ ಭದ್ರತೆಯ ಹೆಸರಿನಲ್ಲಿ ಅಳಿಸಿದ್ದರು. “ನನ್ ಗಂಡನ ಬಗ್ಗೆ ಆಡಿದ್ದೆಲ್ಲಾ ಅಲ್ಲೇ ಇದೆ. ನಿನ್ ದಮ್ಮಯ್ಯ, ಕೇಳಿಸಪ್ಪಾ,” ಎಂದು ವರ್ನಾ ಟೇಪುಗಳ ಉಸ್ತುವಾರಿಯ ಟಾಲಿವರನ ತೋಳು ಹಿಡಿದಳು.

“ಅರ್ಜಿ ಹಾಕ್ಬಹುದು ಮೇಡಂ. ತೀರ್ಮಾನಕ್ಕೆ ಆರೇಳು ವರ್ಷ ಆಗತ್ತೆ.”

“ತೊಂಬತ್ತು ಹತ್ರ ಬಂತು ನಂಗೆ! ಸಮಾಧಿಯಿಂದ ಎದ್ ಬಂದು ಕೇಳ್ಲಾ?”

ಟಾಲಿವರನಿಗೆ ಏನಾದರೂ ಸಮಾಧಾನ ಹೇಳಬೇಕೆನಿಸಿತು. “ನಾವು ಮಾತನ್ನಷ್ಟೇ ತೆಗೀತೀವಿ ಮೇಡಂ, ಹೊತ್ತನ್ನ ಮುಟ್ಟಲ್ಲ. ಆಡಿದ ಮಾತು ಎಷ್ಟುದ್ದ ಇತ್ತೋ ಅಷ್ಟೇ ಉದ್ದದ ಮೌನ ಬಿಡ್ತೀವಿ. ಅದು ಮಾತ್ರ ನಿಜವಾದ್ದು.”

ವರ್ನಾ ಅವನ ತೋಳು ಬಿಟ್ಟಳು. “ಇನ್ನೊಂದೇ ಸಲ,” ಎಂದಳು. ಈ ಬಾರಿ ಮೌನ ಶುರುವಾದಾಗ ಉಸಿರು ಎಳೆದುಕೊಂಡಳು. ಎಳೆದದ್ದನ್ನು ಬಿಡುವ ಮೊದಲೇ ಅಧ್ಯಕ್ಷರು ಊಟ ಕೇಳಿದರು.

ಅವಳು ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟಳು.

“ಅರ್ಜಿ ಬೇಡ ಕಣಪ್ಪಾ. ಅಷ್ಟು ಹೊತ್ತಿನೊಳಗೆ ‘ಬಿಟ್ಟಾಕು’ ಅನ್ನೋ ಒಂದೇ ಮಾತು ಹಿಡಿಯತ್ತೆ.”