ಇನಾಮದಾರರ ತೋಟದ ಬಿಳಿ ಗುಡಿ

ಒದ್ದೆ ಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ನನಗಾಗ ಒಂಬತ್ತು ವರ್ಷ. ನೂಲ ಎಂಬ ಊರಿನ ಹೊರಗೆ, ಇನಾಮದಾರರ ಹಾಳುಬಿದ್ದ ತೋಟದಲ್ಲಿ ಅಜ್ಜಿಯ ಜೊತೆ ಕುರಿ ಕಾಯುತ್ತಿದ್ದೆ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ತೋಟದ ಕಟ್ಟಡಗಳಲ್ಲಿ ಉಳಿದಿದ್ದು ಗ್ರೀಕರ ದೇವಾಲಯದ ಚಿತ್ರ ನೋಡಿ ಕಟ್ಟಿಸಿದ್ದ ಒಂದು ಗುಡಿ ಮಾತ್ರ. ಮುಂದೆ ಆರು ದುಂಡು ಕಂಬ, ಹಿಂದೆ ಕಿಟಕಿಯಿಲ್ಲದ ಕೋಣೆ. ದೇವರು ಎಂದೂ ಇರಲಿಲ್ಲ.

ಮಧ್ಯಾಹ್ನ ಆಲಿಕಲ್ಲು ಬೀಳತೊಡಗಿತು. ನಾನು ಓಡಿ ಆ ಕೋಣೆ ಸೇರಿದೆ. ತಣ್ಣನೆಯ ಗೋಡೆಯ ಸುಣ್ಣ ಬೆನ್ನಿಗೆ ಪುಡಿಪುಡಿಯಾಗಿ ಅಂಟಿತು. ಆಯಿ ಮೆಟ್ಟಿಲ ಕೆಳಗೇ ನಿಂತಳು.

“ಹೊರಗ ಬಾ.”

“ನೀನ ಒಳಗ ಬಾ ಆಯಿ. ಕಲ್ಲು ಬಡಿತಾವು.”

“ಬಡೀಲಿ. ನೀ ಮೊದಲ ಹೊರಗ ಬಾ.”

ಅವಳ ದನಿ ನಡುಗುತ್ತಿತ್ತು. ತೋಳಕ್ಕೂ ಹೆದರದ ಆಯಿ ಹೆದರಿದ್ದನ್ನು ಕಂಡು ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ. ಕೊನೆಗೆ ಅವಳೇ ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತ ಬಂದು, ನನ್ನ ರಟ್ಟೆ ಹಿಡಿದು ಎಳೆದೊಯ್ದಳು.

ಬೇವಿನ ಮರದಡಿ ಒಂದೇ ಕಂಬಳಿಯೊಳಗೆ ಕುಳಿತಾಗ, “ಅಲ್ಲಿ ಏನೈತಿ ಆಯಿ?” ಎಂದು ಕೇಳಿದೆ.

“ಈಗೇನೂ ಇಲ್ಲ,” ಎಂದಳು. ಕಂಬಳಿಯ ಅಂಚನ್ನು ನನ್ನ ತಲೆಯ ಮೇಲೆ ಎಳೆದು ಹೇಳಿದಳು: “ಹರೇದಾಗ ಇಲ್ಲಿ ಹೂವು ಬಿಡಸಾಕ ಬರ್ತಿದ್ದೆ. ಆ ಕೋಣ್ಯಾಗ ಕೂಗಿದ್ರ ಹೊರಗ ಯಾರಿಗೂ ಕೇಳಂಗಿಲ್ಲ.”