ತಿಂಗಳ ಕಂಕಣ

"ನಿನ್ನ ಕಟ್ಟಿಹಾಕಿರೋರು ಯಾರಪ್ಪ?" ಎಂದು ಸ್ವಾಮಿಗಳು ಪಾಠದ ನಡುವೆ ಕೇಳಿದಾಗ, ಪಿಳ್ಳಪ್ಪ ಮಣಿಕಟ್ಟಿನ ಕಂಕಣವನ್ನೇ ಮುಂದೆ ಚಾಚಿದ. ಘಾಟಿ ಬಳಿಯ ಆ ಮಠದಲ್ಲಿ ಒಂದು ತಿಂಗಳ ವೇದಾಂತ ಪಾಠಕ್ಕೆ ಕೂತವರು ಕಂಕಣ ಬಿಚ್ಚುವವರೆಗೆ ಹೊಸಿಲು ದಾಟುವಂತಿರಲಿಲ್ಲ. ಕಟ್ಟಿದವರೇ ಅದನ್ನು ಬಿಚ್ಚಬೇಕು.

"ಬಿಚ್ಬಿಡಿ ಬುದ್ಧಿ. ಮಗಳಿಗೆ ನಿನ್ನೆಯಿಂದ ಹೆರಿಗೆ ನೋವಂತೆ. ಯುದ್ಧ ಬಂದು ಪೆಟ್ರೋಲಿಲ್ದೆ ಬಸ್ಸೂ ಇಲ್ಲ, ನನ್ನ ಕರ್ಕೊಂಡು ಹೋಗೋಕೆ ಮನೆಯೋರು ದೊಡ್ಡಬಳ್ಳಾಪುರದಿಂದ ಗಾಡಿ ಕಟ್ಕೊಂಡು ಬಂದವ್ರೆ. ಮೋಕ್ಷ ಆಮೇಲೆ ನೋಡ್ಕೋತೀನಿ."

ಕೂತವರೆಲ್ಲ ನಕ್ಕರು. ಸ್ವಾಮಿಗಳು ನಗಲಿಲ್ಲ, ತಾವೇ ಕಟ್ಟಿದ್ದ ಗಂಟು ಬಿಚ್ಚಿದರು. ಪಿಳ್ಳಪ್ಪ ಕಾಲಿಗೆರಗಲು ಬಗ್ಗಿದಾಗ, ಕಾವಿ ಶಾಲು ಸರಿದು ಅವರ ಮಣಿಕಟ್ಟೂ ಕಂಡಿತು. ಅಲ್ಲೊಂದು ಕಂಕಣ ಕಪ್ಪಾಗಿ ಚರ್ಮದೊಳಕ್ಕೆ ಹೂತುಹೋಗಿತ್ತು.

"ಇದ್ಯಾವುದು ಬುದ್ಧಿ?"

ಸ್ವಾಮಿಗಳು ಶಾಲನ್ನು ಎಳೆದುಕೊಂಡರು. "ನಾನೂ ಒಂದು ತಿಂಗಳಿಗೆ ಅಂತಲೇ ಬಂದಿದ್ದೆ ಕಣಪ್ಪ. ಕಟ್ಟಿದ ಗುರುಗಳು ಬಿಚ್ಚೋಕೆ ಮುಂಚೆನೇ ತೀರ್ಕೊಂಡ್ರು."